ಮಾಲ್ಡೀವ್ಸ್‌ನ ಹಾಯಿದೋಣಿಯಲ್ಲಿ ತಿಮಿಂಗಿಲ ನೋಡಲು ಹೊರಡುವ ಕುಟುಂಬಗಳಿಗೆ

ಚಿಕ್ಕಬಳ್ಳಾಪುರದ ಕಡೆಯವರಾದ ನಮಗೆ ಕಡಲು ದೂರವಾದರೂ ದೇವನಹಳ್ಳಿಯ ವಿಮಾನ ನಿಲ್ದಾಣ ಹತ್ತಿರ. ಅಲ್ಲಿಂದ ಮಾಲ್ಡೀವ್ಸ್‌ನ ರಾಜಧಾನಿ ಮಾಲೆಗೆ ನೇರ ವಿಮಾನ ಸಿಕ್ಕರೆ ಸುಮಾರು ಎರಡು ಗಂಟೆಯ ಹಾರಾಟ. ಮಕ್ಕಳ ಪರೀಕ್ಷೆ ಮುಗಿದ ಕೂಡಲೇ, ಏಪ್ರಿಲ್‌ನಲ್ಲಿಯೇ ಹೊರಡುವುದು ಒಳ್ಳೆಯದು. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಅಲ್ಲಿ ಈಶಾನ್ಯ ಮಾರುತದ ಒಣ ಕಾಲ; ಬೇಸಿಗೆ ರಜೆಯೆಂದು ಮೇ ತಿಂಗಳಿಗೆ ಮುಂದೂಡಿದರೆ ನೈರುತ್ಯ ಮಾರುತ ಹಿಡಿದು ಮಳೆಯೂ ಅಲೆಯೂ ಹೆಚ್ಚುತ್ತವೆ.

ಭಾರತೀಯ ಪ್ರವಾಸಿಗರಿಗೆ ಉಚಿತ ವೀಸಾ ಅಲ್ಲಿ ಇಳಿದ ಮೇಲೆಯೇ ದೊರೆಯುತ್ತದೆ. ಆದರೆ ಪ್ರಯಾಣಕ್ಕೆ ಮುಂಚಿನ 96 ಗಂಟೆಗಳೊಳಗೆ ಅವರ ಸರ್ಕಾರದ ಆನ್‌ಲೈನ್ ಅರ್ಜಿಯನ್ನು ಮಕ್ಕಳ ಹೆಸರಿನಲ್ಲಿಯೂ ತುಂಬಬೇಕು. ಪೂಜೆಯ ವಿಗ್ರಹಗಳನ್ನು ಆ ದೇಶದೊಳಗೆ ಒಯ್ಯುವಂತಿಲ್ಲವಾದ್ದರಿಂದ, ಹಿರಿಯರು ಚೀಲದಲ್ಲಿ ಇಟ್ಟುಕೊಳ್ಳುವ ಚಿಕ್ಕ ಗಣಪನನ್ನು ಮನೆಯಲ್ಲಿಯೇ ಬಿಟ್ಟು ಬರುವಂತೆ ಮೊದಲೇ ತಿಳಿಸಿ.

ದೋಣಿಯ ಅಡುಗೆಯಲ್ಲಿ ಬೆಳಗಿನ ತಿಂಡಿಗೂ ಟ್ಯೂನಾ ಮೀನು ಬರುತ್ತದೆ. ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಿ, ಜೊತೆಗೆ ಅವಲಕ್ಕಿ, ಚಟ್ನಿಪುಡಿ, ಹುರಿಟ್ಟು ಇಟ್ಟುಕೊಂಡರೆ ನಿಶ್ಚಿಂತೆ. ಹವಳದ ದಿಬ್ಬಗಳು ಸುತ್ತುವರಿದ ಒಳಗಡಲಿನಲ್ಲಿ ತೂಗಾಟ ಕಡಿಮೆ, ಎರಡು ದ್ವೀಪಸಮೂಹಗಳ ನಡುವಣ ತೆರೆದ ಕಡಲಿನಲ್ಲಿ ಹೆಚ್ಚು. ವಾಂತಿ ತಡೆಯುವ ಮಾತ್ರೆಯನ್ನು, ವಿಶೇಷವಾಗಿ ಮಕ್ಕಳಿಗೆ, ವೈದ್ಯರನ್ನು ಕೇಳಿ ಆ ದಾಟುವಿಕೆಗೆ ಮುಂಚೆಯೇ ಕೊಡಿ. ತೂಗಾಟ ಶುರುವಾದ ಮೇಲೆ ಕೊಟ್ಟರೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ತಿಮಿಂಗಿಲಗಳು ಕಾಣುವುದು ಆ ತೆರೆದ ಕಡಲಿನಲ್ಲಿಯೇ, ಏಕೆಂದರೆ ಹವಳದ ಅಂಚು ದಾಟಿದೊಡನೆ ಆಳ ಥಟ್ಟನೆ ಹೆಚ್ಚುತ್ತದೆ, ಅವು ತಿನ್ನುವ ಸ್ಕ್ವಿಡ್ ಎಂಬ ಮೃದ್ವಂಗಿಗಳು ಇರುವುದು ಅಲ್ಲಿ. ಗಾಳಿಯಿಲ್ಲದ ಒಂದು ಬೆಳಿಗ್ಗೆ ನಮ್ಮ ಎದುರಿನ ನೀರಿನಲ್ಲಿ ಕಪ್ಪು ದಿಮ್ಮಿಗಳಂತೆ ತೇಲುತ್ತಿದ್ದವು ಪೈಲಟ್ ತಿಮಿಂಗಿಲಗಳು. ದುಂಡನೆಯ ಹಣೆ, ಹಿಂದಕ್ಕೆ ಬಾಗಿದ ಅಗಲ ಬುಡದ ಬೆನ್ನುರೆಕ್ಕೆ; ಉಸಿರು ಬಿಟ್ಟಾಗ ಬುಸ್ಸೆಂಬ ಸದ್ದು ದೋಣಿಯವರೆಗೂ ಕೇಳಿಸುತ್ತಿತ್ತು. ಒಂದು ಮರಿ ತಾಯಿಯ ಪಕ್ಕೆಗೆ ಅಂಟಿಕೊಂಡೇ ಏಳುತ್ತಿತ್ತು, ಮುಳುಗುತ್ತಿತ್ತು. ರಾತ್ರಿಯೆಲ್ಲ ಆಳಕ್ಕಿಳಿದು ಬೇಟೆಯಾಡುವ ಇವು ಹಗಲಿನಲ್ಲಿ ಹೀಗೆ ಗುಂಪಾಗಿ ವಿಶ್ರಮಿಸುತ್ತವೆ. ಆದ್ದರಿಂದ ಎಂಜಿನ್ ನಿಲ್ಲಿಸಿ ದೂರದಲ್ಲಿಯೇ ಕಾಯುವ ಕ್ಯಾಪ್ಟನ್ ಸಿಗುವುದು ನಿಜಕ್ಕೂ ಮುಖ್ಯ. ಹಣ ಕಟ್ಟುವ ಮೊದಲೇ ಇದನ್ನು ಕೇಳಿ. ಗುಂಪಿನ ನಡುವೆ ನುಗ್ಗಿಸುತ್ತೇವೆ, ಹತ್ತಿರದಿಂದ ಫೋಟೊ ತೆಗೆಸುತ್ತೇವೆ ಎನ್ನುವವರ ದೋಣಿಯನ್ನು ದಯವಿಟ್ಟು ಹತ್ತಬೇಡಿ.

ತಿಮಿಂಗಿಲ ಕಂಡೇ ಕಾಣುತ್ತದೆಂದು ಮಕ್ಕಳಿಗೆ ಮಾತು ಕೊಡಬಾರದು. ಸ್ಪಿನ್ನರ್ ಡಾಲ್ಫಿನ್‌ಗಳು ಸಿಗುವ ಸಂಭವ ಅದಕ್ಕಿಂತ ಬಹಳ ಹೆಚ್ಚು. ಅವು ಬೆಳಿಗ್ಗೆ ವಿಶ್ರಾಂತಿಗೆ ಒಳಗಡಲಿಗೆ ಬಂದು ಸಂಜೆ ಬೇಟೆಗೆ ಹೊರಡುವುದರಿಂದ, ಆ ಎರಡೂ ಹೊತ್ತಿನಲ್ಲಿ ಕಾಲುವೆಯಂಥ ಕಡಲ ದಾರಿಗಳ ಬಳಿ ಇರುವಂತೆ ಯೋಜಿಸಿಕೊಳ್ಳಿ. ತಿಮಿಂಗಿಲವೊಂದೇ ಗುರಿಯಾಗಿದ್ದರೆ ಶ್ರೀಲಂಕಾದ ಮಿರಿಸ್ಸಾ ಹೆಚ್ಚು ಸೂಕ್ತ. ಅಲ್ಲಿ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಮುಂಜಾನೆ ಹೊರಡುವ ದೋಣಿಗಳಿಂದ ನೀಲಿ ತಿಮಿಂಗಿಲವನ್ನೇ ನೋಡುವ ಅವಕಾಶವಿದೆ, ಖರ್ಚೂ ಕಡಿಮೆ.