ಹೆಲಿಕಾಪ್ಟರಿನಿಂದ ತೆಗೆದ ಫೋಟೋ ಎಲ್ಲಿ ಎಂದು ಕೇಳುವವರಿಗೆ

ನಾನು ಹೆಲಿಕಾಪ್ಟರ್ ಪೈಲಟ್ ಎಂದು ತಿಳಿದ ಮೇಲೆ ಊರಿನ ನೆಂಟರಿಂದ ಹಿಡಿದು ರೈಲಿನಲ್ಲಿ ಎದುರು ಕುಳಿತವರವರೆಗೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ‘ದಿನಾ ಕಡಲ ಮೇಲೆ ಹಾರುತ್ತೀರಲ್ಲ, ಒಂದಿಷ್ಟು ಫೋಟೋ ತೋರಿಸಬಾರದೇ?’ ಹಿಮಶಿಖರ, ಜಲಪಾತ, ಕಾಳ್ಗಿಚ್ಚುಗಳ ಮೇಲಿನಿಂದ ಬೇರೆ ದೇಶದ ಪೈಲಟ್‌ಗಳು ತೆಗೆದ ಚಿತ್ರಗಳನ್ನು ಅವರೆಲ್ಲ ನೋಡಿರುತ್ತಾರೆ. ನನ್ನ ಬಳಿ ಅಂಥವು ಹೆಚ್ಚೇನೂ ಇಲ್ಲವೆಂದರೆ ಬಿಗುಮಾನ ಎಂದುಕೊಳ್ಳುತ್ತಾರೆ. ಬಿಗುಮಾನ ಖಂಡಿತ ಅಲ್ಲ. ಉತ್ತರ ಸ್ವಲ್ಪ ಉದ್ದವಾದ್ದರಿಂದ ಬರೆದೇ ಹೇಳುತ್ತಿದ್ದೇನೆ.

ನನ್ನ ಕೆಲಸ ಮುಂಬೈನ ಜುಹು ವಿಮಾನ ನಿಲ್ದಾಣದಿಂದ ಅರಬ್ಬೀ ಸಮುದ್ರದ ತೈಲ ಪ್ಲಾಟ್‌ಫಾರ್ಮ್‌ಗಳಿಗೆ ನೌಕರರನ್ನು ಒಯ್ಯುವುದು, ಪಾಳಿ ಮುಗಿಸಿದವರನ್ನು ಮರಳಿ ತರುವುದು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ಹೊತ್ತ ಪುಟ್ಟ ವಿಮಾನವನ್ನು ತಂದಿಳಿಸಿದ್ದು ಇದೇ ಜುಹುವಿನಲ್ಲಿ. ಈಗ ಅಲ್ಲಿ ಹೆಚ್ಚಾಗಿ ಹೆಲಿಕಾಪ್ಟರ್‌ಗಳದ್ದೇ ಓಡಾಟ. 1974ರಲ್ಲಿ ‘ಸಾಗರ್ ಸಮ್ರಾಟ್’ ರಿಗ್ ತಳ ಕೊರೆದು ಎಣ್ಣೆ ಕಂಡ ಮುಂಬೈ ಹೈ ಕ್ಷೇತ್ರ ತೀರದಿಂದ ಸುಮಾರು 160 ಕಿ.ಮೀ. ಆಚೆಗಿದೆ. ಹೆಚ್ಚುಕಡಿಮೆ ಮುಕ್ಕಾಲು ಗಂಟೆಯ ದಾರಿ, ಕೆಳಗೆ ಬರೀ ನೀರು.

ಮೊದಲು ಕೈಗಳ ವಿಷಯ. ಹೆಲಿಕಾಪ್ಟರ್ ಹಾರಿಸುವವರ ಬಲಗೈ ಸೈಕ್ಲಿಕ್ ಎಂಬ ಕೋಲಿನ ಮೇಲಿರುತ್ತದೆ. ಯಂತ್ರ ಯಾವ ಕಡೆಗೆ ವಾಲಬೇಕು ಎಂಬುದು ಅದರಿಂದ ತೀರ್ಮಾನ. ಎಡಗೈ ಆಸನದ ಪಕ್ಕದ ಕಲೆಕ್ಟಿವ್ ಹಿಡಿದಿರುತ್ತದೆ. ಅದನ್ನು ಎತ್ತಿದರೆ ತಲೆಯ ಮೇಲೆ ತಿರುಗುವ ರೋಟರಿನ ಎಲ್ಲ ರೆಕ್ಕೆಗಳ ಓರೆ ಒಟ್ಟಿಗೇ ಹೆಚ್ಚಿ ಹೆಲಿಕಾಪ್ಟರ್ ಮೇಲೇರುತ್ತದೆ. ಪಾದಗಳೆರಡೂ ಯಂತ್ರದ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಪೆಡಲ್‌ಗಳ ಮೇಲೆ. ಇವುಗಳಲ್ಲಿ ಒಂದನ್ನು ಅಲುಗಿಸಿದರೆ ಉಳಿದವನ್ನೂ ಸರಿಹೊಂದಿಸಲೇಬೇಕು. ಕಲೆಕ್ಟಿವ್ ಎತ್ತಿದೊಡನೆ ಡಾಫಿನ್‌ನಂಥ ಫ್ರೆಂಚ್ ಹೆಲಿಕಾಪ್ಟರಿನ ಮೂತಿ ಎಡಕ್ಕೆ ಹೊರಳಲು ನೋಡುತ್ತದೆ. ಅಮೆರಿಕದ ಬೆಲ್, ಸಿಕೋರ್ಸ್ಕಿಗಳಲ್ಲಿ ಬಲಕ್ಕೆ, ಏಕೆಂದರೆ ಅವುಗಳ ರೋಟರ್ ತಿರುಗುವ ದಿಕ್ಕೇ ಬೇರೆ. ಒಂದನ್ನು ಬಿಟ್ಟು ಇನ್ನೊಂದನ್ನು ಹಾರಿಸಲು ಬಂದ ಪೈಲಟ್‌ನ ಪಾದಗಳು ಮತ್ತೆ ಪಾಠ ಕಲಿಯಬೇಕಾಗುತ್ತದೆ. ಈಗಿನ ಹೆಲಿಕಾಪ್ಟರ್‌ಗಳಲ್ಲಿ ಎತ್ತರ, ದಿಕ್ಕುಗಳನ್ನು ಕಾಯ್ದುಕೊಳ್ಳುವ ಆಟೋಪೈಲಟ್ ಇದೆ, ನಿಜ. ಆದರೆ ಅದು ಕೈತಪ್ಪಿದ ಕ್ಷಣದಲ್ಲಿ ಹಿಡಿಯಬೇಕಾದವರು ನಾವೇ. ‘ಪಕ್ಕದಲ್ಲಿ ಇನ್ನೊಬ್ಬ ಪೈಲಟ್ ಇರುತ್ತಾರಲ್ಲ, ಅವರು ತೆಗೆಯಬಹುದಲ್ಲ’ ಎಂದು ಕೆಲವರು ಜಾಣತನದಿಂದ ಕೇಳುತ್ತಾರೆ. ಅವರಿಗೂ ಬಿಡುವಿಲ್ಲ. ಮೀಟರ್‌ಗಳು, ರೇಡಿಯೋ, ಇಂಧನದ ಲೆಕ್ಕ, ಹಾರಿಸುತ್ತಿರುವವರ ಮೇಲೊಂದು ಕಣ್ಣು, ಎಲ್ಲವೂ ಅವರ ಪಾಲಿನದು.

ತೆಗೆದರೂ ಚಿತ್ರ ಸರಿಯಾಗಿ ಬರುವುದಿಲ್ಲ. ಮೊಬೈಲ್ ಕ್ಯಾಮೆರಾ ಎದುರಿನ ನೋಟವನ್ನು ಸಾಲು ಸಾಲಾಗಿ ದಾಖಲಿಸುತ್ತದೆ. ನಿಮಿಷಕ್ಕೆ 300ಕ್ಕೂ ಹೆಚ್ಚು ಸುತ್ತು ಹಾಕುವ ರೆಕ್ಕೆ ಅಷ್ಟರಲ್ಲಿ ಜಾಗ ಬದಲಿಸಿರುತ್ತದೆ. ಹಾಗಾಗಿ ಫೋಟೋದಲ್ಲಿ ರೆಕ್ಕೆಗಳು ಬಾಳೆಹಣ್ಣಿನಂತೆ ಬಾಗಿ, ಕೆಲವೊಮ್ಮೆ ತುಂಡಾಗಿ ಕಾಣುತ್ತವೆ. ಅಂಥ ಚಿತ್ರ ನೋಡಿ ರೆಕ್ಕೆ ಮುರಿದಿದೆಯೇ ಎಂದು ಗಾಬರಿಪಟ್ಟವರಿದ್ದಾರೆ.

ಇವೆಲ್ಲ ಸಣ್ಣ ಕಾರಣಗಳು. ನಾನು ನಿಜವಾಗಿ ಹೇಳಬೇಕೆಂದಿರುವುದು ಬೇರೆ. ನಿಮಗೆ ಅತ್ಯಂತ ಚೆಂದವಾಗಿ ಕಾಣುವ ನೋಟ ಬಹಳ ಸಲ ನಮಗೆ ಅಪಾಯದ ಸೂಚನೆ.

ಮಾರ್ಚ್, ಏಪ್ರಿಲ್‌ನ ಕೆಲವು ಬೆಳಗುಗಳಲ್ಲಿ ಗಾಳಿ ಪೂರಾ ಬಿದ್ದುಹೋಗಿರುತ್ತದೆ. ಕಡಲಿನಲ್ಲಿ ಒಂದು ಸುಕ್ಕೂ ಇರುವುದಿಲ್ಲ. ಮೇಲೆ ತೆಳು ಮಬ್ಬು. ಆಕಾಶ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂದು ತಿಳಿಯುವುದಿಲ್ಲ. ಛಾಯಾಗ್ರಾಹಕರು ಇಂಥ ಬೆಳಗಿಗಾಗಿ ವರ್ಷವಿಡೀ ಕಾದಾರು. ಅಂಥ ಹೊತ್ತಿನಲ್ಲಿ ನಾವು ಹೊರಗಿನ ನೋಟವನ್ನು ನಂಬುವುದನ್ನೇ ಬಿಟ್ಟು ಮೀಟರ್‌ಗಳಿಗೆ ಕಣ್ಣು ಕೊಡುತ್ತೇವೆ. ಕ್ಷಿತಿಜ ಕಾಣದಿದ್ದಾಗ ಯಂತ್ರ ನಿಧಾನವಾಗಿ ಒಂದು ಬದಿಗೆ ವಾಲಿದರೂ ಒಳಕಿವಿಗೆ ಅದು ಗೊತ್ತಾಗುವುದಿಲ್ಲ. ನೆಟ್ಟಗೇ ಹೋಗುತ್ತಿದ್ದೇನೆ ಎಂದು ಮೈ ಹೇಳುತ್ತಿರುತ್ತದೆ. ಕನ್ನಡಿಯಂಥ ನೀರಿನ ಮೇಲೆ ಎತ್ತರದ ಅಂದಾಜು ಕೂಡ ಸಿಗುವುದಿಲ್ಲ. ಐನೂರು ಅಡಿಯೋ ಐವತ್ತು ಅಡಿಯೋ, ಕಣ್ಣು ಹೇಳಲಾರದು.

ಮೇ ತಿಂಗಳ ಸಂಜೆ ಕಡಲಿನಿಂದ ಎದ್ದು ನಿಲ್ಲುವ ಮೋಡದ ಗೋಪುರಗಳೂ ಹಾಗೆಯೇ. ಅವುಗಳ ನೆತ್ತಿಗೆ ಬಿಸಿಲು ತಾಗಿ ಹೊನ್ನಾಗುವುದನ್ನು ನೋಡಿ ಪ್ರಯಾಣಿಕರು ಕಿಟಕಿಗೆ ಮುಖ ಒತ್ತುತ್ತಾರೆ. ನಾವು ರೇಡಾರ್ ನೋಡಿ ಎಷ್ಟು ದೂರ ಸುತ್ತಿ ಹೋಗಬೇಕು, ಅದಕ್ಕೆ ಇಂಧನ ಸಾಕೇ ಎಂದು ಲೆಕ್ಕ ಹಾಕುತ್ತಿರುತ್ತೇವೆ.

ಇನ್ನು ನನಗೆ ಮನಸ್ಸಿಗೆ ಹಿತವಾಗುವ ಕಡಲು ನಿಮಗೆ ಸಪ್ಪೆ ಎನಿಸಬಹುದು. ಬೂದು ಹಸಿರು ನೀರು, ಅಲ್ಲಲ್ಲಿ ಅಲೆಗಳ ತುದಿಯಲ್ಲಿ ಬಿಳಿ ನೊರೆ, ಅಷ್ಟೇ. ಆ ನೊರೆ ಕಂಡರೆ ಗಾಳಿಯ ದಿಕ್ಕು ಗೊತ್ತಾಗುತ್ತದೆ, ಬಲ ಗೊತ್ತಾಗುತ್ತದೆ, ಎತ್ತರವೂ ಕಣ್ಣಿಗೆ ಸಿಗುತ್ತದೆ. ಎದುರು ಗಾಳಿ ಇದ್ದರೆ ಪ್ಲಾಟ್‌ಫಾರ್ಮಿನ ಪಕ್ಕದಲ್ಲಿ ಯಂತ್ರವನ್ನು ನಿಲ್ಲಿಸಿ ತೇಲಿಸಲು ಎಂಜಿನ್ ಅಷ್ಟೊಂದು ದುಡಿಯಬೇಕಾಗಿಲ್ಲ. ಅನಿಲ ಉರಿಸುವ ಉದ್ದನೆಯ ಕೊಳವೆಯ ತುದಿಯ ಜ್ವಾಲೆ ಯಾವ ಕಡೆಗೆ ಬಾಗಿದೆ ಎಂಬುದನ್ನು ದೂರದಿಂದಲೇ ನೋಡುತ್ತೇವೆ. ಪ್ಲಾಟ್‌ಫಾರ್ಮಿನ ಟರ್ಬೈನ್‌ಗಳ ಬಿಸಿ ಹೊಗೆ ನಾವು ಇಳಿಯಬೇಕಾದ ಅಟ್ಟದ ಕಡೆಗೆ ಬೀಸುತ್ತಿದ್ದರೆ ಬಿಸಿ ಗಾಳಿಯಲ್ಲಿ ರೋಟರಿನ ಎತ್ತುವ ಶಕ್ತಿ ಕುಂದುತ್ತದೆ. ಲಂಗರು ಹಾಕಿದ ಮೀನುಗಾರಿಕೆಯ ದೋಣಿಗಳು ಸಾಮಾನ್ಯವಾಗಿ ಗಾಳಿಗೆ ಮುಖ ಮಾಡಿ ನಿಂತು ಅದರ ದಿಕ್ಕನ್ನು ಹೇಳುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮಲ್ಪೆ, ಗಂಗೊಳ್ಳಿಗಳಲ್ಲಿ ಹೇಗೋ ಇಲ್ಲಿಯೂ ಹಾಗೆಯೇ. ಆ ಎರಡು ತಿಂಗಳು ನೀರಿನ ಮೇಲೆ ಆ ಗುರುತುಗಳೇ ಇಲ್ಲ. ಕರಾವಳಿಯಲ್ಲಿ ಹುಟ್ಟಿ ಬೆಳೆದ ನನಗೆ ದೋಣಿಗಳಿಲ್ಲದ ಕಡಲು ಇಂದಿಗೂ ಕಸಿವಿಸಿ ಉಂಟುಮಾಡುತ್ತದೆ.

ಕಡಲಿನ ಈ ಸೂಚನೆಗಳನ್ನೆಲ್ಲ ಓದಬೇಕಾದ ಪೈಲಟ್ ಕಣ್ಣನ್ನು ಫೋನಿನ ಪರದೆಗೆ ತಿರುಗಿಸಿದರೆ ಏನಾಗುತ್ತದೆ ಎಂಬುದಕ್ಕೆ ದಾಖಲೆಗಳಿವೆ. 2011ರ ಆಗಸ್ಟ್ 26ರಂದು ಅಮೆರಿಕದ ಮಿಸೌರಿ ರಾಜ್ಯದ ಮೊಸ್ಬಿ ಬಳಿ, ರೋಗಿಯೊಬ್ಬರನ್ನು ಸಾಗಿಸುತ್ತಿದ್ದ ಹೆಲಿಕಾಪ್ಟರ್ ಇಂಧನ ಮುಗಿದು ಬಿದ್ದು ನಾಲ್ವರೂ ತೀರಿಕೊಂಡರು. ಪೈಲಟ್ ಕರ್ತವ್ಯದ ನಡುವೆ ಮೊಬೈಲಿನಲ್ಲಿ ಸ್ವಂತ ಸಂದೇಶಗಳನ್ನು ಕಳಿಸುತ್ತಿದ್ದುದು ಗಮನ ಚದುರಿಸಿತ್ತು ಎಂಬುದನ್ನು ತನಿಖೆ ಕಾರಣಗಳ ಪಟ್ಟಿಯಲ್ಲಿ ಸೇರಿಸಿತು. ನ್ಯೂಯಾರ್ಕ್‌ನ ಘಟನೆ ಇನ್ನೂ ಸಂಕಟದ್ದು. 2018ರ ಮಾರ್ಚ್ 11ರಂದು ನಗರದ ಫೋಟೋ ತೆಗೆಯಲೆಂದೇ ಬಾಗಿಲು ತೆಗೆದು ಹಾರುತ್ತಿದ್ದ ಹೆಲಿಕಾಪ್ಟರಿನಲ್ಲಿ, ಪ್ರಯಾಣಿಕರೊಬ್ಬರು ಬೀಳದಂತೆ ಕಟ್ಟಿದ್ದ ಪಟ್ಟಿ ನೆಲದ ಬಳಿಯಿದ್ದ ಇಂಧನ ನಿಲ್ಲಿಸುವ ಸನ್ನೆಕೋಲಿಗೆ ಸಿಕ್ಕಿಕೊಂಡಿತು. ಎಂಜಿನ್ ನಿಂತಿತು. ಪೈಲಟ್ ಈಸ್ಟ್ ರಿವರ್‌ನ ನೀರಿನ ಮೇಲೆ ಇಳಿಸಿದರೂ ಹೆಲಿಕಾಪ್ಟರ್ ಮಗುಚಿತು. ಪೈಲಟ್ ಹೊರಬಂದರು. ಕಟ್ಟು ಬಿಡಿಸಿಕೊಳ್ಳಲಾಗದೆ ಐವರು ಪ್ರಯಾಣಿಕರೂ ಮುಳುಗಿದರು. ಬಾಗಿಲಿಲ್ಲದ ಹೆಲಿಕಾಪ್ಟರಿನಿಂದ ಕಾಲು ಹೊರಚಾಚಿ ತೆಗೆದ ಚಿತ್ರಗಳನ್ನು ಮೆಚ್ಚಿ ನನಗೆ ಕಳಿಸುವ ಹುಡುಗರಿಗೆ ನಾನು ಈ ಘಟನೆಯನ್ನು ತಪ್ಪದೆ ಹೇಳುತ್ತೇನೆ.

ಕಾನೂನಿನ ಮಾತೂ ಇದೆ. 1937ರ ವಿಮಾನ ನಿಯಮಗಳ 13ನೇ ನಿಯಮ ಅನುಮತಿಯಿಲ್ಲದೆ ಹಾರುವ ವಿಮಾನದಿಂದ ಚಿತ್ರ ತೆಗೆಯುವುದನ್ನು ನಿರ್ಬಂಧಿಸಿತು. ಪ್ರಯಾಣಿಕರಿಗೆ ಸಿಕ್ಕ ಸಡಿಲಿಕೆ ಕಾಕ್‌ಪಿಟ್ಟಿನವರಿಗೆ ಅನ್ವಯಿಸುವುದಿಲ್ಲ. ಇನ್ನು ತೈಲ ಪ್ಲಾಟ್‌ಫಾರ್ಮಿನಲ್ಲಿ ಅನಿಲ ಸೋರುವ ಭಯ ಸದಾ ಇರುವುದರಿಂದ ಸಾಮಾನ್ಯ ಮೊಬೈಲನ್ನು ಮನಬಂದಂತೆ ಹೊರತೆಗೆಯುವ ಹಾಗಿಲ್ಲ.

ಹಾಗೆಂದು ಪೈಲಟ್‌ಗಳ ನಡುವೆ ಚಿತ್ರಗಳು ಓಡಾಡುವುದೇ ಇಲ್ಲವೆಂದಲ್ಲ. ಅನುಮತಿ ಪಡೆದು ಪ್ಲಾಟ್‌ಫಾರ್ಮಿನವರು ಕಳಿಸಿದ ಚಿತ್ರಗಳನ್ನು ನಾವು ಬಹಳ ಶ್ರದ್ಧೆಯಿಂದ ನೋಡುತ್ತೇವೆ. ಇಳಿಯುವ ಜಾಗದ ಹತ್ತಿರ ಹೊಸದಾಗಿ ನೆಟ್ಟ ಆಂಟೆನಾ, ಕೆಳಗಿಳಿಸದೆ ಬಿಟ್ಟ ಕ್ರೇನಿನ ತೋಳು, ಗಾಳಿಯ ದಿಕ್ಕು ತೋರುವ, ಹರಿದುಹೋದ ಗಾಳಿಚೀಲ. ಜನರಿಲ್ಲದ ಸಣ್ಣ ಎಣ್ಣೆಬಾವಿ ಪ್ಲಾಟ್‌ಫಾರ್ಮ್‌ಗಳಲ್ಲಿ ಕಡಲಹಕ್ಕಿಗಳ ಹಿಕ್ಕೆ ಬಿದ್ದೂ ಬಿದ್ದೂ ಎಲ್ಲಿ ಇಳಿಯಬೇಕೆಂದು ತೋರಿಸುವ ಹಳದಿ ವೃತ್ತ, ಬಿಳಿ ‘ಎಚ್’ ಗುರುತುಗಳು ಮುಚ್ಚಿಹೋಗಿರುತ್ತವೆ. ಅದನ್ನು ತೋರಿಸುವ ಒಂದು ಮಸುಕು ಚಿತ್ರ ನನ್ನ ಮಟ್ಟಿಗೆ ಯಾವ ಸೂರ್ಯಾಸ್ತಕ್ಕಿಂತಲೂ ಬೆಲೆಯುಳ್ಳದ್ದು.

ಒಂದು ಚಿತ್ರವನ್ನು ಮಾತ್ರ ಕೇಳಿದವರಿಗೆಲ್ಲ ತೋರಿಸುತ್ತೇನೆ, ಅದು ನಾನು ತೆಗೆದದ್ದಲ್ಲ. 2018ರ ಆಗಸ್ಟ್‌ನ ಕೇರಳ ಪ್ರವಾಹದಲ್ಲಿ ನೌಕಾಪಡೆಯ ಹೆಲಿಕಾಪ್ಟರ್ ಇಬ್ಬರು ಮಹಿಳೆಯರನ್ನು ಮನೆಯ ತಾರಸಿಯಿಂದ ಮೇಲೆತ್ತಿತು. ಬಳಿಕ ಅದೇ ತಾರಸಿಯ ಮೇಲೆ ದೊಡ್ಡ ಅಕ್ಷರಗಳಲ್ಲಿ ‘ಥ್ಯಾಂಕ್ಸ್’ ಎಂದು ಬರೆದಿದ್ದರು. ರಸ್ತೆಯಲ್ಲಿ ಹೋಗುವವರಿಗೆ ಅದು ಕಾಣುವಂತಿರಲಿಲ್ಲ, ಮೇಲೆ ಹಾರುವವರು ಓದಲೆಂದೇ ಬರೆದದ್ದು. ಅದರ ಚಿತ್ರ ಆಗ ದೇಶವೆಲ್ಲ ಸುತ್ತಿತು. ಹೆಲಿಕಾಪ್ಟರ್ ಪೈಲಟ್‌ಗಳು ಜನರೊಡನೆ ಹಂಚಿಕೊಳ್ಳಬೇಕಾದ ನೋಟ ಎಂದರೆ ಇಂಥದ್ದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಇಷ್ಟು ಹೇಳಿದ ಮೇಲೂ ‘ನಿಮ್ಮದೇ ಒಂದು ಬೇಕು’ ಎನ್ನುವವರಿಗೆ ಕೊಡಲು ನನ್ನ ಮನಸ್ಸಿನಲ್ಲಿರುವ ಚಿತ್ರಗಳು ನೆಲದ ಮೇಲಿನವು. ದಿನದ ಹಾರಾಟ ಮುಗಿದ ಮೇಲೆ ಎಂಜಿನಿಯರ್‌ಗಳು ಹೆಲಿಕಾಪ್ಟರಿಗೆ ಸಿಹಿನೀರು ಹೊಯ್ದು ತೊಳೆಯುತ್ತಾರೆ, ಎಂಜಿನ್ನಿನ ಒಳಗೂ ನೀರು ಹಾಯಿಸುತ್ತಾರೆ. ಕಡಲ ಗಾಳಿಯ ಉಪ್ಪು ಎಂಜಿನ್ನಿನೊಳಗೆ ಗಾಳಿಯನ್ನು ಒತ್ತುವ ಕಂಪ್ರೆಸರಿನ ಎಲೆಗಳ ಮೇಲೆ ಕೂತರೆ ಲೋಹ ತಿನ್ನುತ್ತದೆ, ಶಕ್ತಿ ಇಳಿಯುತ್ತದೆ. ಟಾರ್ಚ್ ಹಿಡಿದು ರೋಟರಿನ ಬುಡ ಏರಿ ಒಂದೊಂದು ಕೀಲನ್ನೂ ಮುಟ್ಟಿ ನೋಡುವ ಅವರನ್ನು ಯಾವ ಪ್ರಯಾಣಿಕರೂ ಕಂಡಿರುವುದಿಲ್ಲ. ಅವರೂ ಸಂಸ್ಥೆಯೂ ಒಪ್ಪಿದರೆ ಆ ಚಿತ್ರಗಳನ್ನು ತೆಗೆದು ಕೇಳಿದವರಿಗೆಲ್ಲ ಕಳಿಸುತ್ತೇನೆ.