ಗೋಡೆ ಕಡೆ ತಿರುಗಿ ಮಲಗಿದವರು

ಚಟ ಬಿಡಿಸುವ ವಾರ್ಡಿನಲ್ಲಿ ನರ್ಸ್ ಆಗಿರುವ ಗೆಳತಿ ನಿನ್ನೆ ರಾತ್ರಿ ಫೋನ್ ಮಾಡಿದ್ದಳು. ಎಷ್ಟೋ ತಿಂಗಳು ಕುಡಿಯದೇ ಇದ್ದ ಒಬ್ಬರು ಮತ್ತೆ ಅಡ್ಮಿಟ್ ಆಗಿದ್ದಾರಂತೆ. "ನನ್ನ ಮುಖ ನೋಡೋಕಾಗದೆ ಗೋಡೆ ಕಡೆ ತಿರುಗಿ ಮಲಗಿದ್ರು ಕಣೇ" ಅಂದಳು. ಆಮೇಲೆ ಸ್ವಲ್ಪ ಹೊತ್ತು ಮಾತೇ ಇಲ್ಲ.

ಸಕ್ಕರೆ ಕಾಯಿಲೆಯವರಿಗೆ ಶುಗರ್ ಮತ್ತೆ ಏರಿದರೆ ಯಾರೂ ಡಾಕ್ಟರನ್ನು ಆಡಿಕೊಳ್ಳುವುದಿಲ್ಲ. ಔಷಧಿ ಬದಲಾಗುತ್ತದೆ, ಅಷ್ಟೇ. ಇಲ್ಲಿ ಮಾತ್ರ "ಸುಮ್ನೆ ಯಾಕೆ ಒದ್ದಾಡ್ತೀರಿ, ಇವರೆಲ್ಲ ಸರಿಹೋಗಲ್ಲ" ಎನ್ನುವವರು ಪಕ್ಕದ ವಾರ್ಡಿನಲ್ಲೇ ಇರುತ್ತಾರೆ. ಹೆರಾಯಿನ್ ಥರದ ಚಟ ಬಿಡಿಸಲು ಕೊಡುವ, ತಾವೂ ಅದೇ ಗುಂಪಿಗೆ ಸೇರಿದ ಔಷಧಿಗಳಾದ ಮೆಥಡೋನ್, ಬ್ಯುಪ್ರೆನಾರ್ಫಿನ್ 2005ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಆದರೂ "ಒಂದು ಚಟ ಬಿಡಿಸಿ ಇನ್ನೊಂದು ಹತ್ತಿಸ್ತೀರಾ?" ಎಂಬ ಕೊಂಕು ತಪ್ಪಿಲ್ಲ. ರೋಗಿಯ ಮೇಲಿನ ತಾತ್ಸಾರ ಆರೈಕೆ ಮಾಡುವವರಿಗೂ ಮೆತ್ತಿಕೊಳ್ಳುತ್ತದೆ, ಅಲ್ವಾ?

ಅವಳ ಆಸ್ಪತ್ರೆಯವರು ಒತ್ತಡ ನಿಭಾಯಿಸುವುದು ಹೇಗೆ ಅಂತ ಒಂದು ಗಂಟೆಯ ಕ್ಲಾಸ್ ಇಟ್ಟಿದ್ದರಂತೆ. ಅದೂ ನೈಟ್ ಡ್ಯೂಟಿ ಮುಗಿದ ಮೇಲೆ! (ನಗು ಬಂತು, ಸಿಟ್ಟೂ ಬಂತು.) ಕೆಲಸದಿಂದ ಹೀಗೆ ಬಸವಳಿಯುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಉದ್ಯೋಗಕ್ಕೆ ಸಂಬಂಧಿಸಿದ್ದು ಎಂದು ಗುರುತಿಸಿದೆ. ಅಂದರೆ ಸರಿಯಾಗಬೇಕಿರುವುದು ಅವಳೊಬ್ಬಳೇ ಅಲ್ಲ, ಆ ಡ್ಯೂಟಿ ಚಾರ್ಟ್ ಕೂಡ.

ಅವಳು ಕೇಳುವುದು ಜಾಸ್ತಿಯೇನಲ್ಲ. ಕಷ್ಟದ ಕೇಸುಗಳ ಬಗ್ಗೆ ಮಾತಾಡಲು ವಾರಕ್ಕೊಮ್ಮೆ ಒಬ್ಬ ಸೀನಿಯರ್. ಓವರ್‌ಡೋಸಿನಿಂದ ಯಾರಾದರೂ ತೀರಿಕೊಂಡ ದಿನ, ಕೂಡಲೇ ಮುಂದಿನ ಬೆಡ್ಡಿಗೆ ಓಡದೆ ಹತ್ತು ನಿಮಿಷ ಕೂರಲು ಬಿಡುವು.

ನಾನು ಸಲಹೆ ಕೊಡಲು ಹೋಗಲಿಲ್ಲ. ಕೇಳಿಸಿಕೊಂಡೆ. ಬೆಳಿಗ್ಗೆ ಬೇಗ ಡ್ಯೂಟಿ ಇದೆ ಅಂತ ಫೋನ್ ಇಟ್ಟಳು.