ಲಂಡನ್ನಿನ ಆ ಕಂಚು ಪುಕ್ಕಟೆ ಬಂದದ್ದೇ?

ನಾನು ಬ್ಯಾಡ್ಮಿಂಟನ್ ಬಗ್ಗೆ, ಅದರಲ್ಲೂ ಡಬಲ್ಸ್ ಬಗ್ಗೆ ಬರೆಯುತ್ತೇನೆಂದು ಗೊತ್ತಾದವರು ಇವತ್ತಲ್ಲ ನಾಳೆ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ: 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ರಷ್ಯಾದ ವಲೇರಿಯಾ ಸೊರೊಕಿನಾ ಮತ್ತು ನೀನಾ ವಿಸ್ಲೊವಾ ಜೋಡಿಗೆ ಬಂದ ಕಂಚು ಪುಕ್ಕಟೆಯದ್ದಲ್ಲವೇ? ಗುಂಪಿನಲ್ಲಿ ಮೂರನೆಯವರಾಗಿ ಹೊರಬಿದ್ದಿದ್ದರು, ಬೇರೆಯವರು ಅನರ್ಹರಾದರೆಂದು ಒಳಗೆ ಬಂದರು, ಪದಕ ಕೊರಳಿಗೆ ಹಾಕಿಕೊಂಡು ಹೋದರು. ಕೇಳುವವರು ಕೊಡಗಿನವರೋ ಬೆಂಗಳೂರಿನವರೋ ಆಗಿದ್ದರೆ ಪ್ರಶ್ನೆಗೆ ಒಂದು ಬಾಲವೂ ಇರುತ್ತದೆ. ನಮ್ಮ ಅಶ್ವಿನಿ ಪೊನ್ನಪ್ಪ ಅವರೂ ಗುಂಪಿನಲ್ಲಿ ಮೂರನೆಯವರೇ ಆಗಿದ್ದರಲ್ಲ, ಅವರನ್ನೇಕೆ ಕರೆಯಲಿಲ್ಲ?

ನನ್ನ ಉತ್ತರ ಇಷ್ಟು: ಅವರಿಗೆ ಪುಕ್ಕಟೆ ಸಿಕ್ಕಿದ್ದು ಕ್ವಾರ್ಟರ್ ಫೈನಲ್ ಪ್ರವೇಶ. ಅಲ್ಲಿಂದಾಚೆಗಿನದನ್ನು ಆಡಿಯೇ ಗಳಿಸಿದರು. ಆದರೆ ಇಷ್ಟು ಹೇಳಿ ಸುಮ್ಮನಾದರೆ ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ನಡೆದದ್ದನ್ನು ಮೊದಲು ನೆನಪಿಸುತ್ತೇನೆ. ಒಲಿಂಪಿಕ್ಸ್ ಬ್ಯಾಡ್ಮಿಂಟನ್‌ನಲ್ಲಿ ಗುಂಪು ಹಂತ ಬಂದದ್ದೇ ಲಂಡನ್ನಿನಲ್ಲಿ. ಅದಕ್ಕೂ ಮುಂಚೆ ಒಮ್ಮೆ ಸೋತರೆ ಮನೆಗೆ. ಹೊಸ ಪದ್ಧತಿಯಲ್ಲಿ ಯಾವ ಗುಂಪಿನ ಎಷ್ಟನೆಯವರು ಮುಂದೆ ಯಾರನ್ನು ಎದುರಿಸಬೇಕೆಂಬುದು ಮೊದಲೇ ನಿಗದಿಯಾಗಿತ್ತು. ಲೆಕ್ಕ ಹಾಕುವವರಿಗೆ ಅಷ್ಟೇ ಸಾಕಾಯಿತು. ಚೀನಾದ ಎರಡನೆಯ ಜೋಡಿ ಟಿಯಾನ್ ಚಿಂಗ್–ಝಾವ್ ಯುನ್‌ಲೇ ಅನಿರೀಕ್ಷಿತವಾಗಿ ಡೆನ್ಮಾರ್ಕ್ ಜೋಡಿಗೆ ಸೋತು ತಮ್ಮ ಗುಂಪಿನಲ್ಲಿ ಎರಡನೆಯ ಸ್ಥಾನಕ್ಕಿಳಿಯಿತು. ಈಗ ಚೀನಾದ ಮೊದಲ ಜೋಡಿ, 2011ರ ವಿಶ್ವ ಚಾಂಪಿಯನ್ನರಾದ ವಾಂಗ್ ಶಿಯಾವೊಲಿ–ಯು ಯಾಂಗ್, ತಮ್ಮ ಗುಂಪನ್ನು ಗೆದ್ದರೆ ಸೆಮಿಫೈನಲ್‌ನಲ್ಲಿಯೇ ತಮ್ಮವರ ಎದುರು ನಿಲ್ಲಬೇಕಾಗುತ್ತಿತ್ತು. ಸೋತರೆ ಫೈನಲ್‌ವರೆಗೆ ಆ ತಾಪತ್ರಯವಿಲ್ಲ. ಹಾಗಾಗಿ ಅವರು ಸೋಲಲು ಹೊರಟರು. ಎದುರಿನ ಕೊರಿಯಾದವರೂ ಸೋಲಲೆಂದೇ ನಿಂತಿದ್ದರು. ಸರ್ವ್‌ಗಳು ಬೇಕೆಂದೇ ನೆಟ್‌ಗೆ ಬಿದ್ದವು. ಆ ಪಂದ್ಯದ ಅತಿ ಉದ್ದದ ರ‍್ಯಾಲಿಯಲ್ಲಿ ಇದ್ದದ್ದು ನಾಲ್ಕೇ ಹೊಡೆತ. ಜನ ಕೂಗಿ ಛೀಮಾರಿ ಹಾಕಿದರು. ಅದೇ ರಾತ್ರಿ ಕೊರಿಯಾದ ಇನ್ನೊಂದು ಜೋಡಿಯೂ ಇಂಡೊನೇಷ್ಯಾದ ಜೋಡಿಯೂ ಇದೇ ನಾಟಕವನ್ನು ಮತ್ತೊಮ್ಮೆ ಆಡಿದವು. ಮರುದಿನ, ಆಗಸ್ಟ್ 1ರಂದು, ನಾಲ್ಕೂ ಜೋಡಿಗಳು ಅನರ್ಹವಾದವು.

ಖಾಲಿಯಾದ ನಾಲ್ಕು ಸ್ಥಾನಗಳೂ ಎರಡೇ ಗುಂಪುಗಳಿಗೆ ಸೇರಿದ್ದವು. ಆ ಗುಂಪುಗಳಲ್ಲಿ ಮೂರನೆಯ, ನಾಲ್ಕನೆಯ ಸ್ಥಾನದಲ್ಲಿದ್ದವರನ್ನು ಕರೆದು ತುಂಬಿಸಿದರು: ರಷ್ಯಾ, ಕೆನಡಾ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ. ಕೆನಡಾದ ಅಲೆಕ್ಸ್ ಬ್ರೂಸ್–ಮಿಶೆಲ್ ಲೀ ಗುಂಪಿನ ಮೂರೂ ಪಂದ್ಯ ಸೋತವರು. ಸೊರೊಕಿನಾ–ವಿಸ್ಲೊವಾ ಗುಂಪಿನಲ್ಲಿ ಗೆದ್ದಿದ್ದದ್ದು ಆ ಕೆನಡಾದವರನ್ನು ಮಾತ್ರ.

ಇಲ್ಲಿ ಆಕ್ಷೇಪ ಎತ್ತುವವರ ಪರವಾಗಿ ನಾನೇ ಒಂದು ಮಾತು ಸೇರಿಸಬೇಕು, ಏಕೆಂದರೆ ಅವರೂ ಇದನ್ನು ಗಮನಿಸಿರುವುದಿಲ್ಲ. ಆ ಎರಡು ಗುಂಪುಗಳು ಕ್ವಾರ್ಟರ್ ಫೈನಲ್‌ನಲ್ಲಿ ಪರಸ್ಪರ ಎದುರಾಗುವಂತೆ ಪಟ್ಟಿ ಇತ್ತು. ಅಂದರೆ ಬದಲಿಯಾಗಿ ಬಂದವರು ಆಡಬೇಕಾದದ್ದು ಬದಲಿಯಾಗಿ ಬಂದವರ ಜತೆಗೇ. ಇಬ್ಬರು ಸೆಮಿಫೈನಲ್‌ಗೆ ಹೋಗುವುದು ಖಚಿತ. ರಷ್ಯಾಕ್ಕೆ ಸಿಕ್ಕಿದ್ದು ದಕ್ಷಿಣ ಆಫ್ರಿಕಾ. 21-9, 21-7ರಲ್ಲಿ ಪಂದ್ಯ ಮುಗಿಯಿತು. ಅದೃಷ್ಟ ಒಮ್ಮೆಯಲ್ಲ, ಎರಡು ಸಲ ಒಲಿದಿತ್ತು. ಇಬ್ಬರ ಜಗಳ ಮೂರನೆಯವರಿಗೆ ಲಾಭ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಆದರೆ ಸೆಮಿಫೈನಲ್ ನೋಡಿ. ಖಾಲಿಯಾಗಿದ್ದ ಗುಂಪಿನ ಮೊದಲ ಸ್ಥಾನದಲ್ಲಿ ಕೂತದ್ದು ರಷ್ಯಾ. ಹಾಗಾಗಿ ಅವರ ಎದುರಿಗೆ ಬಂದವರು ಟಿಯಾನ್ ಮತ್ತು ಝಾವ್. ಯಾರ ಮುಖ ನೋಡಬೇಕಾಗುತ್ತದೆಂದು ವಿಶ್ವ ಚಾಂಪಿಯನ್ನರು ಪಂದ್ಯವನ್ನೇ ಬಿಟ್ಟುಕೊಟ್ಟು ಮನೆಗೆ ಹೋದರೋ, ಅದೇ ಜೋಡಿ. ಆ ಝಾವ್ ಅದೇ ಕ್ರೀಡಾಕೂಟದಲ್ಲಿ ಮಹಿಳೆಯರ ಡಬಲ್ಸ್ ಮತ್ತು ಮಿಶ್ರ ಡಬಲ್ಸ್ ಎರಡರಲ್ಲೂ ಚಿನ್ನ ಗೆದ್ದವರು. ಮೊದಲ ಗೇಮ್ 19-21. ಎರಡು ಪಾಯಿಂಟ್ ಅಂತರ. ಎರಡನೆಯದರಲ್ಲಿ ರಷ್ಯಾದವರು ಕುಸಿದರು, 6-21, ಅದನ್ನು ಮುಚ್ಚಿಡುವುದಿಲ್ಲ. ಆದರೂ ಪುಕ್ಕಟೆ ಬಂದವರೆಂದು ಕರೆಯುವ ಮುಂಚೆ ಆ 19ನ್ನು ಲೆಕ್ಕಕ್ಕೆ ಹಿಡಿಯಬೇಕು. ಕಂಚಿನ ಪಂದ್ಯ ಮತ್ತೆ ಕೆನಡಾದವರ ಜತೆ. 21-9, 21-10. ಅದೃಷ್ಟದ ಬಾಗಿಲು ನಾಲ್ಕು ಜೋಡಿಗಳಿಗೆ ತೆರೆದಿತ್ತು. ಪದಕ ಬಂದದ್ದು ಅವುಗಳಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದ ಜೋಡಿಗೆ. ನನಗಂತೂ ಇದರಲ್ಲಿ ಅನ್ಯಾಯ ಕಾಣುವುದಿಲ್ಲ.

ಚೆನ್ನಾಗಿ ಆಡುತ್ತಿದ್ದರು ಎಂಬುದು ನನ್ನ ಅಭಿಮಾನದ ಮಾತಲ್ಲ. ಲಂಡನ್ನಿಗೆ ಎರಡು ವರ್ಷ ಮುಂಚೆ, 2010ರಲ್ಲಿ, ಮ್ಯಾಂಚೆಸ್ಟರ್‌ನಲ್ಲಿ ಇವರಿಬ್ಬರೂ ಯುರೋಪಿಯನ್ ಚಾಂಪಿಯನ್ನರಾಗಿದ್ದರು. ಆ ಫೈನಲ್‌ನಲ್ಲಿ ಎದುರಾಳಿಗಳು ಬಲ್ಗೇರಿಯಾದ ಪೆತ್ಯಾ ನೆದೆಲ್ಚೆವಾ ಮತ್ತು ರಷ್ಯಾದವರೇ ಆದ ಅನಸ್ತಾಸಿಯಾ ರುಸ್ಕಿಖ್. ಅಂಗಣದಲ್ಲಿದ್ದ ನಾಲ್ವರಲ್ಲಿ ಮೂವರು ರಷ್ಯನ್ನರು. ಡೆನ್ಮಾರ್ಕ್‌ನವರ ಮನೆಯಾಟದಂತಿರುವ ಯುರೋಪಿನ ಬ್ಯಾಡ್ಮಿಂಟನ್‌ನಲ್ಲಿ ಇದು ದಿನಾ ನಡೆಯುವ ಸಂಗತಿಯಲ್ಲ.

ಸೊರೊಕಿನಾ 1984ರಲ್ಲಿ ಹುಟ್ಟಿದ್ದು ರಷ್ಯಾದ ಉದ್ಮೂರ್ತಿಯಾ ಪ್ರಾಂತ್ಯದ ರಾಜಧಾನಿ ಇಝೆವ್ಸ್ಕ್‌ನಲ್ಲಿ. ಕಲಾಶ್ನಿಕೋವ್ ಬಂದೂಕಿನ ಕಾರ್ಖಾನೆಯಿಂದ ಹೆಸರಾದ ಊರು ಅದು; ಕ್ರೀಡೆಯೆಂದರೆ ಅಲ್ಲಿ ಹಿಮ, ಸ್ಕೀ. ವಿಸ್ಲೊವಾ ಎರಡು ವರ್ಷ ಚಿಕ್ಕವರು, ಮಾಸ್ಕೋದವರು. ಸೋವಿಯತ್ ಒಕ್ಕೂಟ ಪದಕಗಳಿಗಾಗಿ ಮಕ್ಕಳನ್ನು ಹೇಗೆ ತಯಾರು ಮಾಡುತ್ತಿತ್ತೆಂದು ನಾವೆಲ್ಲ ಓದಿದ್ದೇವೆ. ಬ್ಯಾಡ್ಮಿಂಟನ್‌ಗೆ ಆ ಭಾಗ್ಯ ಒದಗಲಿಲ್ಲ. ಈ ಆಟಕ್ಕೆ ಒಲಿಂಪಿಕ್ ಪದಕ ಬಂದದ್ದು 1992ರ ಬಾರ್ಸಿಲೋನಾದಲ್ಲಿ. ಒಕ್ಕೂಟ 1991ರ ಡಿಸೆಂಬರ್‌ನಲ್ಲಿಯೇ ಕಣ್ಣು ಮುಚ್ಚಿತ್ತು. ಆಗ ಸೊರೊಕಿನಾಗೆ ಏಳು ವರ್ಷ. ಅಲ್ಲಿಂದ ಇಪ್ಪತ್ತು ವರ್ಷ ರಷ್ಯಾ ಒಂದೇ ಒಂದು ಒಲಿಂಪಿಕ್ ಬ್ಯಾಡ್ಮಿಂಟನ್ ಪದಕ ಕಾಣಲಿಲ್ಲ. ಮೊದಲನೆಯದು ಈ ಕಂಚು. ಇಂದಿಗೂ ಎರಡನೆಯದು ಬಂದಿಲ್ಲ. 2016ರಲ್ಲಿ ವ್ಲಾದಿಮಿರ್ ಇವಾನೊವ್–ಇವಾನ್ ಸೊಜೊನೊವ್ ಆಲ್ ಇಂಗ್ಲೆಂಡ್ ಪುರುಷರ ಡಬಲ್ಸ್ ಗೆದ್ದರು, 2018ರಲ್ಲಿ ಎವ್ಗೆನಿಯಾ ಕೊಸೆತ್ಸ್ಕಯಾ ಯುರೋಪಿಯನ್ ಸಿಂಗಲ್ಸ್ ಫೈನಲ್ ತಲುಪಿ ಕರೋಲಿನಾ ಮರಿನ್‌ಗೆ ಸೋತರು. 2022ರಲ್ಲಿ ಉಕ್ರೇನ್ ಯುದ್ಧದ ಕಾರಣ ರಷ್ಯಾದ ಆಟಗಾರರಿಗೆ ಅಂತರರಾಷ್ಟ್ರೀಯ ಬಾಗಿಲೇ ಮುಚ್ಚಿತು. ಆ ಕಂಚಿನ ಜತೆಗಾರ ಪದಕ ಇನ್ನೆಂದು ಬರುತ್ತದೋ.

ಇನ್ನು ಪ್ರಶ್ನೆಯ ಬಾಲ. ಅಶ್ವಿನಿ ಪೊನ್ನಪ್ಪ ಮತ್ತು ಜ್ವಾಲಾ ಗುಟ್ಟಾ ಇದ್ದದ್ದು ಬೇರೆ ಗುಂಪಿನಲ್ಲಿ. ಜಪಾನ್ ಎದುರು ಸೋತರು, ತೈಪೆ ಮತ್ತು ಸಿಂಗಪುರ ಜೋಡಿಗಳನ್ನು ಗೆದ್ದರು. ಭಾರತ, ಜಪಾನ್, ತೈಪೆ ಮೂವರಿಗೂ ಎರಡೆರಡು ಗೆಲುವು. ಗೇಮ್‌ಗಳ ಲೆಕ್ಕದಲ್ಲಿ ಭಾರತವೂ ಜಪಾನೂ ಸಮ. ಪಾಯಿಂಟ್‌ಗಳ ಅಂತರದಲ್ಲಿ ಭಾರತ ಒಂದೇ ಒಂದು ಪಾಯಿಂಟ್‌ನಿಂದ ಹಿಂದೆ ಬಿತ್ತು. ವರ್ಷದ ಹಿಂದೆ, ಅದೇ ವೆಂಬ್ಲಿ ಅರೇನಾದಲ್ಲಿ ಇದೇ ಜೋಡಿ ವಿಶ್ವ ಚಾಂಪಿಯನ್‌ಷಿಪ್ ಕಂಚು ಗೆದ್ದಿತ್ತು. ಹೊಟ್ಟೆ ಉರಿಯದಿರಲು ಹೇಗೆ ಸಾಧ್ಯ? ಜಪಾನಿನವರು ತೈಪೆಗೆ ಬೇಕೆಂದೇ ಸೋತರೆಂದು ಭಾರತ ದೂರು ಕೊಟ್ಟಿತು, ಅದು ತಿರಸ್ಕೃತವಾಯಿತು. ಆ ಜಪಾನ್ ಜೋಡಿ ಕೊನೆಗೆ ಬೆಳ್ಳಿ ಗೆದ್ದಿತು. ಹಾಗಾಗಿ ಯಾರ ಮೇಲಾದರೂ ಸಿಟ್ಟು ಮಾಡಿಕೊಳ್ಳಲೇಬೇಕೆಂದಿದ್ದರೆ ಆ ಗುಂಪಿನ ಲೆಕ್ಕಾಚಾರದ ಮೇಲೆ ಮಾಡಿಕೊಳ್ಳಿ. ನಮ್ಮ ಗುಂಪಿನಲ್ಲಿ ಯಾರೂ ಅನರ್ಹರಾಗಲಿಲ್ಲ, ಯಾವ ಸ್ಥಾನವೂ ಖಾಲಿಯಾಗಲಿಲ್ಲ. ಸೊರೊಕಿನಾ ಕೂತದ್ದು ಅಶ್ವಿನಿ ಅವರ ಕುರ್ಚಿಯಲ್ಲಿ ಅಲ್ಲ.

ಇಷ್ಟಾದ ಮೇಲೂ ಪುಕ್ಕಟೆ ಎನ್ನುವವರಿಗೆ ನಾನು ಇನ್ನೊಂದು ಕಂಚನ್ನು ತೋರಿಸುತ್ತೇನೆ. ಅದೇ ಆಗಸ್ಟ್ 4ರಂದು, ಅದೇ ಅಂಗಣದಲ್ಲಿ ಸೈನಾ ನೆಹ್ವಾಲ್ ಕಂಚು ಗೆದ್ದರು. ಮೊದಲ ಗೇಮ್ 18-21ರಲ್ಲಿ ಸೋತಿದ್ದರು, ಎರಡನೆಯದರಲ್ಲಿ 0-1 ಹಿಂದಿದ್ದರು. ಎದುರಾಳಿ ವಾಂಗ್ ಶಿನ್ ಮೊಣಕಾಲಿನ ನೋವಿನಿಂದ ಆಟ ಬಿಟ್ಟರು. ಆ ಪದಕವನ್ನು ನಾವು ಪುಕ್ಕಟೆ ಎಂದೆವೇ? ಇಲ್ಲ, ಎನ್ನಬೇಕಾಗಿಯೂ ಇರಲಿಲ್ಲ. ಅಲ್ಲಿಯವರೆಗೆ ತಲುಪಿದ್ದರ ಹಿಂದೆ ಎಷ್ಟು ವರ್ಷಗಳ ಬೆವರಿತ್ತೆಂದು ನಮಗೆ ಗೊತ್ತಿತ್ತು. ಇಝೆವ್ಸ್ಕ್‌ನ ಹುಡುಗಿಯ ಬೆವರು ನಮಗೆ ಗೊತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಒಂದು ಉಪಕಾರವಂತೂ ಆಯಿತು. 2016ರ ರಿಯೊ ಹೊತ್ತಿಗೆ ನಿಯಮ ಬದಲಾಯಿತು: ಡಬಲ್ಸ್‌ನಲ್ಲಿ ಗುಂಪು ಹಂತ ಮುಗಿದ ಮೇಲೆ ಎರಡನೆಯ ಸ್ಥಾನದವರಿಗೆ ಹೊಸದಾಗಿ ಚೀಟಿ ಎತ್ತುವುದು. ಸೋತರೆ ಯಾರ ಎದುರು ಬೀಳುತ್ತೇವೆಂದು ಮೊದಲೇ ಗೊತ್ತಾಗದು, ಹಾಗಾಗಿ ಬೇಕೆಂದೇ ಸೋಲುವುದರಲ್ಲಿ ಲಾಭವಿಲ್ಲ.